ಹಗೇವಿನೊಳಗಿನ ಗಾಳಿ

ಬಸ್ತಿಕೊಪ್ಪಲಿನ ಆದಿರಾಜಯ್ಯನಿಗೆ ಬಾಯಿಗಿಂತ ಕೈ ಮುಂದು. ನುಗ್ಗೇಹಳ್ಳಿಗೆ ಎರಡು ಮೈಲಿ ದೂರದ ಆ ಊರಿನಲ್ಲಿ ಹನ್ನೊಂದು ಜೈನರ ಮನೆಗಳಿದ್ದವು. ಇರುವೆಯ ಸಾಲು ಕಂಡರೆ ದಾಟಿಕೊಂಡು ಹೋಗುವ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ, ಹೊತ್ತು ಮುಳುಗುವ ಮೊದಲೇ ಉಂಡು ಕೈ ತೊಳೆಯುವ ಜನ. ಅಂಥವರ ನಡುವೆ ಇವನೊಬ್ಬ ಹೇಗೆ ಹುಟ್ಟಿದನೋ ಆ ಪಾರ್ಶ್ವನಾಥಸ್ವಾಮಿಗೇ ಗೊತ್ತು. ತಾಯಿ ಜ್ವಾಲಾಮಾಲಿನಮ್ಮನನ್ನು ಕೇಳಿದರೆ, "ಜ್ವಾಲೆ ಅನ್ನೋ ಎಸ್ರು ನಂದು, ಉರಿ ಅವಂದು" ಅನ್ನುತ್ತಿದ್ದಳು. ಹಾಗೆಂದು ಇರುವೆಯನ್ನು ಅವನೂ ತುಳಿದವನಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಅವನಿಗೆ ಆ ನೇಮ ಇರಲಿಲ್ಲ.

ಐವತ್ತೇಳನೇ ಇಸವಿಯಲ್ಲಿ ಕೆರೆ ನೀರಿನ ಸರದಿಗಾಗಿ ಜಗಳವಾಯಿತು. ಊರಿನ ದೊಡ್ಡ ಕುಳ ಎಂದರೆ ನಂಜಯ್ಯ. ಹೊತ್ತಾರೆ ಎದ್ದು ಲಿಂಗಪೂಜೆ ಮಾಡದೆ ತೊಟ್ಟು ನೀರು ಮುಟ್ಟದವನು, ಪೂಜೆ ಮುಗಿಸಿ ಎದ್ದ ಮೇಲೆ ಊರಿನ ನೀರೆಲ್ಲ ತನ್ನದೇ ಅನ್ನುವವನು. ಅವತ್ತಿನ ಸರದಿ ಆದಿರಾಜಯ್ಯನ ತಂದೆ ಧರಣೇಂದ್ರಯ್ಯನದು. ಅವನು ಗದ್ದೆಗೆ ನೀರಿನ ಮಡೆ ತಿರುಗಿಸಲು ಹೋದಾಗ ನಂಜಯ್ಯನ ಆಳುಗಳ ಮೇಟಿ ಕೆಂಪಣ್ಣ ದೊಣ್ಣೆಯಲ್ಲಿ ಬಡಿದ. ಎಡಗಿವಿಯ ಮೇಲೆ ಬಿದ್ದ ಏಟಿಗೆ ರಕ್ತ ಕುತ್ತಿಗೆಗೆ ಇಳಿಯಿತು, ಆ ಕಿವಿಗೆ ಮತ್ತೆ ಯಾವ ಸದ್ದೂ ಕೇಳಿಸಲಿಲ್ಲ. ಪಂಚಾಯ್ತಿ ಸೇರಿತು. ಎಲ್ಲರೂ ನೆಲ ನೋಡುತ್ತ ಕೂತರು. ನಂಜಯ್ಯನ ಮನೆಯಲ್ಲೇ ವರ್ಷದ ಆಳಾಗಿದ್ದ ದ್ಯಾವಯ್ಯ ಎಂಬವನೊಬ್ಬ ಎದ್ದು ನಿಂತು, "ವಡ್ದದ್ದು ನಮ್ಮೋರೇ ಕಣ್ರಪ್ಪ, ನಾನೇ ಕಂಡೆ" ಅಂದ. ಆ ಒಂದು ಮಾತಿಗೆ ಅವನನ್ನು ಗಾಡಿಯ ಗಾಲಿಗೆ ಕಟ್ಟಿ ಬಾರುಕೋಲಿನಲ್ಲಿ ಬೆನ್ನು ಸುಲಿದರು.

ಮಾರನೆಯ ಬೆಳಿಗ್ಗೆ ಆದಿರಾಜಯ್ಯ ಗುದ್ದಲಿಯ ಕಾವು ಹಿಡಿದು ತೂಬಿನ ಹತ್ತಿರ ಕಾದ. ಸಿಕ್ಕಿದವನು ನಂಜಯ್ಯನ ಮಗ ಚಂದ್ರಶೇಖರಯ್ಯ. ಇಬ್ಬರಿಗೂ ಹತ್ತೊಂಬತ್ತು ವರ್ಷ, ಒಂದೇ ಹಲಗೆಯ ಮೇಲೆ ಕೂತು ಓದಿದವರು. ಅಪ್ಪ ಮಾಡಿಸಿದ್ದಕ್ಕೆ ಮಗ ಏಟು ತಿನ್ನಬೇಕೇ ಎಂದು ಯೋಚಿಸುವ ತಾಳ್ಮೆ ಅಲ್ಲಿ ಯಾರಿಗಿತ್ತು? ಎರಡು ಏಟಿಗೆ ಚಂದ್ರಶೇಖರಯ್ಯನ ಹೆಗಲೆಲುಬು ಮುರಿಯಿತು. ಅವನು ಕೆಸರಿನಲ್ಲಿ ಬಿದ್ದು ಒದ್ದಾಡುತ್ತಿರುವಾಗಲೇ ಆದಿರಾಜಯ್ಯ ಗದ್ದೆ ಬಯಲು ಹಾಯ್ದು ಓಡಿ ಚನ್ನರಾಯಪಟ್ಟಣದ ಬಸ್ಸು ಹಿಡಿದ. ಅಲ್ಲಿಂದ ಹಾಸನ, ಹಾಸನದಿಂದ ರೈಲಿನಲ್ಲಿ ಬೆಂಗಳೂರು. ಬೆಂಗಳೂರಿನಲ್ಲಿ ನೌಕಾಪಡೆಗೆ ಆಳು ತೆಗೆದುಕೊಳ್ಳುತ್ತಿದ್ದರು. ಕೆರೆ ಬಿಟ್ಟರೆ ಬೇರೆ ನೀರು ಕಾಣದವನು ಎದೆ ಉಬ್ಬಿಸಿ ಸಾಲಿನಲ್ಲಿ ನಿಂತ.

ಅರವತ್ನಾಲ್ಕರಲ್ಲಿ ಅವನನ್ನು ಇಂಗ್ಲೆಂಡಿಗೆ ಕಳಿಸಿದರು. ಆಗ ನಮ್ಮ ದೇಶಕ್ಕೆ ಒಂದೂ ಜಲಾಂತರ್ಗಾಮಿ ಇರಲಿಲ್ಲ. ಮುಂದೆ ಬರುತ್ತದೆ, ಈಗಲೇ ಕಲಿತಿರಲಿ ಎಂದು ಗಟ್ಟಿ ಎದೆಯವರನ್ನು ಆರಿಸಿ ಅಲ್ಲಿಯ ಹಡಗುಗಳಲ್ಲಿ ತರಬೇತಿಗೆ ಬಿಟ್ಟಿದ್ದರು. ಬಾಗಿಲು ಮುಚ್ಚಿಕೊಂಡು ನೀರೊಳಗೆ ಇಳಿದರೆ ಇಡೀ ದಿನ ಹೊರಗಿನ ಗಾಳಿ ಇಲ್ಲ. ಇಳಿಯುವಾಗ ಒಳಗೆ ಎಷ್ಟು ಗಾಳಿ ಇತ್ತೋ ಅಷ್ಟನ್ನೇ ಅರವತ್ತು ಚಿಲ್ಲರೆ ಜನ ಹಂಚಿಕೊಳ್ಳಬೇಕು, ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಎಳೆದುಕೊಳ್ಳಬೇಕು. ಹತ್ತು ಹನ್ನೆರಡು ಗಂಟೆ ಕಳೆದರೆ ತಲೆ ಸಿಡಿಯುತ್ತದೆ, ನಾಲ್ಕು ಮೆಟ್ಟಿಲಿಗೆ ಏದುಸಿರು ಬರುತ್ತದೆ. ಕೆಲಸವಿಲ್ಲದವನು ಮಲಗಿರಬೇಕು. ಓಡಬಾರದು, ಹಾಡಬಾರದು, ಬೀಡಿ ಸಿಗರೇಟಿನ ಹೆಸರೇ ಎತ್ತಬಾರದು.

ಗಾಳಿ ಕೆಡದಂತೆ ನೋಡಿಕೊಳ್ಳುವ ಕೆಲಸಕ್ಕೆ ಆದಿರಾಜಯ್ಯನನ್ನು ಹಾಕಿದರು. ಮೊದಲ ದಿನ ತಗಡಿನ ಡಬ್ಬ ಬಿಚ್ಚಿ ನೋಡಿ ನಗು ಬಂತು. ಒಳಗೆ ಇದ್ದದ್ದು ಸುಣ್ಣ. ಅವನಜ್ಜಿ ಎಲೆಗೆ ಹಚ್ಚುತ್ತಿದ್ದ ಸುಣ್ಣದ ಜಾತಿಯೇ, ಇನ್ನೊಂದು ಕ್ಷಾರ ಬೆರೆಸಿ ಕಾಳು ಕಾಳು ಮಾಡಿದ್ದರು. ಫ್ಯಾನು ಹಾಕಿ ಅದರ ನಡುವೆ ಗಾಳಿ ಹಾಯಿಸಿದರೆ ಮನುಷ್ಯ ಬಿಟ್ಟ ಕೆಟ್ಟ ಉಸಿರನ್ನು ಆ ಸುಣ್ಣ ಹೀರಿಕೊಳ್ಳುತ್ತದೆ. ಹೀರಿ ಹೀರಿ ಸಾಕಾದ ಮೇಲೆ ಅದನ್ನು ತೆಗೆದು ಹೊಸದು ತುಂಬಬೇಕು. ಒಳ್ಳೆಯ ಗಾಳಿಗೆ ಬೇರೆ ಏರ್ಪಾಡು. ಕ್ಯಾಂಡಲ್ ಎಂದು ಅದರ ಹೆಸರು, ನೋಡಿದರೆ ಮದ್ದಿನ ಗಟ್ಟಿ. ನಮ್ಮ ದೀಪ ಉರಿದಷ್ಟೂ ಪ್ರಾಣವಾಯುವನ್ನು ತಿಂದರೆ ಇದು ಉರಿದಷ್ಟೂ ಪ್ರಾಣವಾಯುವನ್ನು ಬಿಡುತ್ತದೆ. ಎರಡನ್ನೂ ಅಳತೆ ತಪ್ಪದೆ ನಡೆಸಿದರೆ ಅರವತ್ತು ಜನ ಬದುಕುತ್ತಾರೆ. ತಪ್ಪಿದರೆ ಮೊದಲು ತೂಕಡಿಕೆ ಬರುತ್ತದೆ, ತೂಕಡಿಸಿದವರು ಏಳುವುದಿಲ್ಲ.

ಮೊದಲ ಸಲ ಹದಿನೆಂಟು ಗಂಟೆ ಮುಳುಗಿದ್ದಾಗ ಆದಿರಾಜಯ್ಯನ ಧೈರ್ಯವೆಲ್ಲ ಹಾರಿಹೋಯಿತು. ಗೋಡೆ ಮೈಮೇಲೆ ಬಂದಂತಾಗಿ, "ತೆಗೀರೋ ಬಾಗ್ಲು! ತೆಗೀರೋ!" ಎಂದು ಕನ್ನಡದಲ್ಲೇ ಕಿರುಚಿದ. ಅಲ್ಲಿ ಯಾರಿಗೆ ಕನ್ನಡ ಬರಬೇಕು? ನಾವಿಕರ ಮೇಲ್ವಿಚಾರಕ ಪೆಟ್ಟಿ ಆಫೀಸರು, ಕೋಣದ ಕತ್ತಿನ ದಡಿಯ, ಬಂದವನೇ ಕಿವಿಯ ಕೆಳಗೆ ಒಂದು ಗುದ್ದಿದ. ಬಿದ್ದವನ ಎದೆಯ ಮೇಲೆ ಕೂತು ಬಾಯಿಗೆ ಅಂಗೈ ಒತ್ತಿ ಹಿಡಿದ. ಗಾಬರಿ ಇಳಿದ ಮೇಲೆ ಬಿಟ್ಟು ಹೇಳಿದ: "ನೀನು ಐದು ನಿಮಿಷ ಕಿರುಚಿದೆ. ನಾಲ್ಕು ಜನರ ಗಾಳಿ ತಿಂದೆ." ದಡಕ್ಕೆ ಬಂದ ದಿನ ಆದಿರಾಜಯ್ಯ ಅವನನ್ನು ಹಡಗುಕಟ್ಟೆಯ ಮೇಲೆ ಹಿಡಿದು ಮುಂದಿನ ಎರಡು ಹಲ್ಲು ಉದುರಿಸಿದ, ಹದಿನಾಲ್ಕು ದಿನ ಕತ್ತಲೆ ಕೋಣೆಯಲ್ಲಿ ಕೊಳೆತ. ಹೊರಗೆ ಬಂದಾಗ ಹಲ್ಲಿಲ್ಲದ ದಡಿಯನೇ ಚಹಾದ ಮಗ್ಗು ಹಿಡಿದು ಕಾಯುತ್ತಿದ್ದ. ಆಮೇಲೆ ಅವರಿಬ್ಬರೂ ಗೆಳೆಯರಾದರು. ನೀರಿನ ತೊಟ್ಟಿಯಲ್ಲಿ ಎರಡು ನಿಮಿಷ ಉಸಿರು ಕಟ್ಟುವುದನ್ನು ಇವನಿಗೆ ಕಲಿಸಿದವನು ಅವನೇ.

ಆದಿರಾಜಯ್ಯನಿಗೆ ಅಲ್ಲಿ ಹಿಡಿಸಿದ್ದು ಒಂದೇ ಸಂಗತಿ. ಕಪ್ತಾನನಿಗೂ ಅಡಿಗೆಯವನಿಗೂ ಒಂದೇ ಗಾಳಿ. ಕೆಟ್ಟರೆ ಇಬ್ಬರಿಗೂ ಕೆಡುತ್ತದೆ, ಸತ್ತರೆ ಇಬ್ಬರೂ ಸಾಯುತ್ತಾರೆ. ಆದ್ದರಿಂದ ಅಲ್ಲಿ ಯಾರೂ ಯಾರ ಕೈಯನ್ನೂ ಬಿಡುತ್ತಿರಲಿಲ್ಲ. ಆ ಜನ ಬಹಳ ಒಳ್ಳೆಯವರಾಗಿದ್ದರು ಎಂದಲ್ಲ, ಬೇರೆ ದಾರಿ ಇರಲಿಲ್ಲ.

ಅರವತ್ತಾರರ ಮಾರ್ಚಿನಲ್ಲಿ ಆದಿರಾಜಯ್ಯ ಒಂಬತ್ತು ವರ್ಷದ ಮೇಲೆ ಊರಿಗೆ ಬಂದ. ಯುಗಾದಿಗೆ ಐದು ದಿನವಿತ್ತು. ಈಗೊಂದು ಹೊಡೆದಾಟ ಆಗಿಯೇ ಆಗುತ್ತದೆ ಎಂದು ಊರು ಕಾದು ಕೂತಿತ್ತು. ಚಂದ್ರಶೇಖರಯ್ಯ ಎದುರು ಸಿಕ್ಕಿದರೆ ಒಂದು ಭುಜ ಇಳಿಸಿಕೊಂಡೇ ನಡೆದುಹೋಗುತ್ತಿದ್ದ. ದ್ಯಾವಯ್ಯ ಮಾತ್ರ ಹೆಂಡತಿ ಹೊನ್ನಕ್ಕನನ್ನು ಕರೆದುಕೊಂಡು ಮನೆಯ ಮುಂದೆ ಬಂದು, "ಎಂಗವ್ರೆ ಅಂತ ನೋಡ್ಕಂಡೋಗಾನ ಅಂತ ಬಂದೊ ಬುದ್ಧಿ" ಎಂದು ನಕ್ಕಿದ್ದ. ಅವನ ಬೆನ್ನಿನ ಮೇಲೆ ಬಾರುಕೋಲಿನ ಗೆರೆಗಳು ಹಾಗೇ ಇದ್ದವು. ತಾನು ಮೂಳೆ ಮುರಿದು ಓಡಿಹೋದೆ, ಇವನು ನಿಜ ಹೇಳಿ ಅದೇ ಮನೆಯ ಆಳಾಗಿ ಇಲ್ಲೇ ಉಳಿದ ಎಂದು ನೆನೆದು ಆದಿರಾಜಯ್ಯನಿಗೆ ನಾಚಿಕೆಯಾಯಿತು.

ಬಂದ ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತರ ಬಸ್ಸಿನಲ್ಲಿ ಒಂದು ಸುದ್ದಿ ಇಳಿಯಿತು: ಲೆವಿ ಜೀಪು ಹೊರಟಿದೆ. ಆಗ ಎಲ್ಲೆಲ್ಲೂ ಧಾನ್ಯದ ಅಭಾವ. ಹೆಚ್ಚು ಬೆಳೆದವರು ಸರ್ಕಾರಕ್ಕೆ ಇಷ್ಟು ಎಂದು ಲೆವಿ ಕೊಡಬೇಕಿತ್ತು, ಬಚ್ಚಿಟ್ಟದ್ದು ಸಿಕ್ಕರೆ ಹೊತ್ತುಕೊಂಡು ಹೋಗುತ್ತಿದ್ದರು. ನಂಜಯ್ಯನ ಹಿತ್ತಿಲಿನ ಹಗೇವಿನಲ್ಲಿ ಮೂರು ವರ್ಷದ ರಾಗಿ ಇತ್ತು. ಹಗೇವು ಎಂದರೆ ಗಟ್ಟಿ ನೆಲದಲ್ಲಿ ಮಡಕೆಯ ಹಾಗೆ ತೋಡಿದ ಗುಂಡಿ, ಒಬ್ಬ ಆಳು ನುಸುಳುವಷ್ಟು ಬಾಯಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಒಳಗೆ ರಾಗಿ ಎಷ್ಟು ವರ್ಷ ಬೇಕಾದರೂ ಕೆಡುವುದಿಲ್ಲ, ಗಾಳಿ ಕೆಡುತ್ತದೆ. ಅದು ಊರಿನ ಮಕ್ಕಳಿಗೂ ಗೊತ್ತಿದ್ದ ವಿಚಾರ. ಚಪ್ಪಡಿ ಸರಿಸಿ ಒಂದು ದಿನ ಬಿಟ್ಟು, ಲಾಂದ್ರ ಇಳಿಬಿಟ್ಟು, ದೀಪ ಆರದೆ ಇದ್ದರೆ ಮಾತ್ರ ಇಳಿಯುವುದು ವಾಡಿಕೆ. ಒಂದು ದಿನ ಬಾಯಿ ತೆರೆದಿಟ್ಟರೆ ಊರೆಲ್ಲ ನೋಡುತ್ತದೆ, ಜೀಪಿನವರೂ ನೋಡುತ್ತಾರೆ ಎಂದು ನಂಜಯ್ಯ ವಾಡಿಕೆಯನ್ನು ಮುರಿದ. ರಾಗಿಯನ್ನು ಮೂಟೆ ಕಟ್ಟಿ ತೋಟದೊಳಗೆ ಸಾಗಿಸಿಬಿಡುವ ಆತುರದಲ್ಲಿ ಚಪ್ಪಡಿ ಸರಿಸಿದ ಗಳಿಗೆಯಲ್ಲೇ, "ಇಳಿಯೋ ದ್ಯಾವ" ಅಂದ. ದ್ಯಾವಯ್ಯ, "ಲಾಂದ್ರ, ಬುದ್ಧಿ?" ಎಂದು ಕೇಳಿದನಂತೆ. "ಅಗಲೊತ್ನಲ್ಲಿ ಲಾಂದ್ರ ಯಾಕ್ಲಾ?" ಎಂದು ನಂಜಯ್ಯ ರೇಗಿದನಂತೆ.

ದ್ಯಾವಯ್ಯ ಇಳಿದ. ಒಂದು ಬುಟ್ಟಿ ತುಂಬಿದ, ಎರಡನೆಯದು ಮೇಲೆ ಬರಲಿಲ್ಲ. ಕರೆದರೆ ಓಗೊಡಲಿಲ್ಲ. ಬಾಯಿಯ ಹತ್ತಿರ ಬಗ್ಗಿ ನೋಡಿದ ಚಂದ್ರಶೇಖರಯ್ಯ, "ಬಿದ್ದವ್ನೆ!" ಎಂದು ಕೂಗಿದವನೇ ಹಿಂದೆ ಮುಂದೆ ನೋಡದೆ ಇಳಿದುಬಿಟ್ಟ. ಆಳಿಗಾಗಿ ಇಳಿದ ಎನ್ನುವುದನ್ನು ಇಲ್ಲಿ ಬರೆಯಲೇಬೇಕು. ಅವನ ಅಪ್ಪನಿಗೆ ಹೋಲಿಸಿದರೆ ಮಗ ಬೇರೆ ಮಣ್ಣಿನವನು. ನಾಲ್ಕು ಉಸಿರು ಎಳೆಯುವುದರೊಳಗೆ ಅವನೂ ದ್ಯಾವಯ್ಯನ ಮೇಲೆಯೇ ಕುಸಿದ.

ಹೆಂಗಸರು ಬಾಯಿ ಬಡಿದುಕೊಳ್ಳುವ ಸದ್ದು ಕೇಳಿ ಆದಿರಾಜಯ್ಯ ಓಡಿ ಬಂದ. ಚಪ್ಪಡಿ, ಕತ್ತಲೆ ಬಾಯಿ, ಸುತ್ತ ಜನ, ಗುಂಡಿಗೆ ಕಾಲು ಇಳಿಬಿಟ್ಟ ನಂಜಯ್ಯ. ಯಾರೂ ಏನೂ ಹೇಳಬೇಕಾಗಲಿಲ್ಲ.

"ಇಳೀಬ್ಯಾಡಿ! ಒಳಗೆ ಗಾಳಿ ಇಲ್ಲ, ನೀವೂ ಸಾಯ್ತೀರಾ!"

"ಬುಡ್ಲಾ! ನನ್ ಮಗ ಬಿದ್ದವ್ನೆ! ಬುಡ್ಲಾ ಬೋಳಿಮಗನೆ!"

ಕಂಕುಳಿಗೆ ಕೈಕೊಟ್ಟು ಎಳೆದರೆ ಮುದುಕ ಕಚ್ಚಿದ. ಕಿತ್ತುಕೊಂಡು ಮತ್ತೆ ಗುಂಡಿಗೆ ನುಗ್ಗಿದ. ಮಾತಿಗೆ ಹೊತ್ತಿರಲಿಲ್ಲ. ಆದಿರಾಜಯ್ಯ ದಡಿಯ ತನಗೆ ಹೊಡೆದ ಜಾಗಕ್ಕೇ, ಕಿವಿಯ ಕೆಳಗೆ, ಮುಷ್ಟಿ ಬಿಗಿದು ಗುದ್ದಿದ. ನಂಜಯ್ಯ ನೆಲಕ್ಕೆ ಉರುಳಿದ, ಬಾಯಿಂದ ರಕ್ತ ಬಂತು. ನೋಡುತ್ತಿದ್ದವರಿಗೆ ಇನ್ನೇನು ಕಂಡೀತು? ಒಂಬತ್ತು ವರ್ಷದ ಹಗೆ ತೀರಿಸಲು ಇದೇ ಸಮಯ ನೋಡಿಕೊಂಡು ಬಂದಿದ್ದಾನೆ ಎಂದುಕೊಂಡರು. ಕೆಂಪಣ್ಣ ಗಾಡಿಯ ಗೂಟ ಕಿತ್ತು ಹಿಂದಿನಿಂದ ತಲೆಗೆ ಬಿಟ್ಟ. ತಲೆಯ ಚರ್ಮ ಬಿರಿದು ಕಣ್ಣಿಗೆ ರಕ್ತ ಇಳಿಯಿತು. ಇನ್ನಿಬ್ಬರು ಒದ್ದರು. ಆದಿರಾಜಯ್ಯ ಒಬ್ಬನ ಕಾಲು ಹಿಡಿದು ಮಗುಚಿದ, ಕೆಂಪಣ್ಣನ ಕೈಯ ಗೂಟ ತಿರುಚಿ ಕಸಿದುಕೊಂಡು ಅವನ ಮೊಣಕಾಲಿಗೆ ಬೀಸಿದ. ಹಾಗೇ ಹೊಡೆಯುತ್ತ ಕೂಗುತ್ತಿದ್ದ: "ಸುಣ್ಣ! ಸುಣ್ಣದ ನೀರು ಉಯ್ರೋ ಒಳಕ್ಕೆ! ಕೆಟ್ಟ ಗಾಳಿ ಕುಡಿಯುತ್ತೆ ಕಣ್ರೋ ಅದು! ಸುಣ್ಣ!"

ಯುಗಾದಿಗೆ ಗೋಡೆ ಬಳಿಯಲೆಂದು ಹಿತ್ತಿಲಿನ ಮೂಲೆಯಲ್ಲಿ ಒಂದು ದೊಡ್ಡ ಬಾನಿ ಸುಣ್ಣ ಅರಳಿಸಿಟ್ಟಿದ್ದರು. ಎಲ್ಲರೂ ಅದನ್ನು ನೋಡಿದರು. ನೆಲದ ಮೇಲಿದ್ದ ನಂಜಯ್ಯನೂ ನೋಡಿ, "ರಾಗಿ! ರಾಗಿ ಆಳಾಯ್ತದೆ!" ಎಂದು ಗೋಳಿಟ್ಟ. ಮಗ ಒಳಗೆ ಬಿದ್ದಿರುವಾಗ ರಾಗಿ ಹೇಗೆ ನೆನಪಾಯಿತು ಎಂದು ಕೇಳಬೇಡಿ. ಮೂರು ವರ್ಷ ಅದನ್ನೇ ಕಾದವನ ಬಾಯಿ ತಾನಾಗಿ ಕೂಗಿತು.

ಕೊಡ ಎತ್ತಿದವಳು ಹೊನ್ನಕ್ಕ. ಗಂಡ ಬಿದ್ದ ಸುದ್ದಿ ಕೇಳಿ ಕೇರಿಯಿಂದ ಅದೇ ತಾನೇ ಓಡಿ ಬಂದಿದ್ದಳು. "ರಾಗಿ ಓದ್ರೆ ಓಗ್ಲಿ!" ಎಂದು ಬಾನಿಯಿಂದ ಮೊಗೆದು ಗುಂಡಿಗೆ ಸುರಿದಳು. ತಡೆಯಲು ಬಂದವನೊಬ್ಬ ಅವಳ ಜುಟ್ಟು ಹಿಡಿದ. ಸುಣ್ಣದ ಕೈಯಿಂದಲೇ ಅವನ ಮುಖ ಪರಚಿದಳು, ಅವನು ಕಣ್ಣು ಉಜ್ಜಿಕೊಳ್ಳುತ್ತ ಹಿಂದೆ ಸರಿದ. ನಾಲ್ಕು ಕೊಡ, ಐದು ಕೊಡ. "ಒಂದೇ ಕಡೆ ಉಯ್ಬ್ಯಾಡ ಒನ್ನಕ್ಕ, ಚಿಮುಕ್ಸು, ಮಳೆ ಉಯ್ದಂಗೆ" ಎಂದು ಆದಿರಾಜಯ್ಯ ಕೂಗಿದ. ಅವನು ಹೊಂಗೆಯ ಒಂದು ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಗುಂಡಿಯೊಳಗೆ ಮೇಲೆ ಕೆಳಗೆ ಆಡಿಸಿದ. ಹಾಗೆ ಆಡಿಸಿದರೆ ಹೊರಗಿನ ಗಾಳಿ ಸ್ವಲ್ಪವಾದರೂ ಒಳಗೆ ಇಳಿಯುತ್ತದೆ. ಅಷ್ಟರಲ್ಲಿ ಜನಕ್ಕೂ ಬುದ್ಧಿ ಬಂತು, ಗೂಟಗಳು ಕೆಳಗಿಳಿದವು.

ಎರಡು ಹಗ್ಗ ತರಿಸಿದ. ಒಂದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಅದರ ತುದಿಯನ್ನು ಕೆಂಪಣ್ಣನ ಕಡೆಯವರಿಗೆ ಕೊಟ್ಟ. ಇನ್ನೊಂದು ಒಳಗಿನವರನ್ನು ಕಟ್ಟಲು. ಎದೆ ತುಂಬ ಗಾಳಿ ಎಳೆದು, ಬಾಯಿ ಮೂಗು ಬಿಗಿದು ಇಳಿದ. ಬೇಯಿಸಿದ ಹಾಗೆ ಬಿಸಿ. ಕಾಲು ಊರಿದರೆ ರಾಗಿ ಮೊಣಕಾಲವರೆಗೆ ನುಂಗಿತು. ಮೇಲಿದ್ದವನು ಚಂದ್ರಶೇಖರಯ್ಯ, ಎಡಗಣ್ಣಿನ ತುಂಬ ಸುಣ್ಣ. ಅವನನ್ನು ಎತ್ತದೆ ಅಡಿಯ ದ್ಯಾವಯ್ಯನನ್ನು ಮುಟ್ಟುವಂತಿರಲಿಲ್ಲ. ಕಂಕುಳಿಗೆ ಹಗ್ಗ ಬಿಗಿದು ಜಗ್ಗಿದ. ಮೇಲಿನವರು ಎಳೆದರು, ಅವನ ಹಿಂದೆಯೇ ಆದಿರಾಜಯ್ಯನನ್ನೂ ಎಳೆದುಕೊಂಡರು. ಹೊರಗೆ ಬಂದು ಹತ್ತು ಉಸಿರು ತೆಗೆದುಕೊಂಡು ಎರಡನೆಯ ಸಲ ಇಳಿದ.

ದ್ಯಾವಯ್ಯ ಅಂಗಾತ ಬಿದ್ದಿದ್ದ. ಎದೆಯ ಮೇಲೆ ಅಂಗೈ ಇಟ್ಟರೆ ಎದೆ ಆಡುತ್ತಿತ್ತು. ಮೆಲ್ಲಗೆ, ತಡೆತಡೆದು, ಆದರೆ ಆಡುತ್ತಿತ್ತು. ಆದಿರಾಜಯ್ಯನಿಗೆ ಎಷ್ಟು ಸಂತೋಷವಾಯಿತೆಂದರೆ ಇದ್ದ ಉಸಿರನ್ನು ಬಿಟ್ಟುಬಿಡುವುದರಲ್ಲಿದ್ದ. ಹಗ್ಗ ಬಿಗಿದು ಜಗ್ಗಿದ. ಯಾರೂ ಎಳೆಯಲಿಲ್ಲ. ಮತ್ತೆ ಜಗ್ಗಿದ. ತಲೆ ಎತ್ತಿ ನೋಡಿದರೆ ಗುಂಡಿಯ ಬಾಯಲ್ಲಿ ಬರಿ ಆಕಾಶ ಕಾಣುತ್ತಿತ್ತು, ಒಂದು ತಲೆಯೂ ಇರಲಿಲ್ಲ. ಮೂರನೆಯ ಸಲ ಜಗ್ಗುವಾಗ ಅವನ ಸೊಂಟದ ಹಗ್ಗ ಸುರುಳಿ ಸುರುಳಿಯಾಗಿ ಅವನ ತಲೆಯ ಮೇಲೆಯೇ ಬಂದು ಬಿತ್ತು.

ಮೇಲೆ ಆಗಿದ್ದು ಅವನಿಗೆ ಆಮೇಲೆ ತಿಳಿಯಿತು. ಚಂದ್ರಶೇಖರಯ್ಯ ವಾಂತಿ ಮಾಡಿಕೊಂಡು, "ಅಪ್ಪಾ" ಅಂದನಂತೆ. ಆ ಒಂದು ಸೊಲ್ಲಿಗೆ ಹಗ್ಗ ಹಿಡಿದಿದ್ದವರೆಲ್ಲ ಹಗ್ಗ ಬಿಟ್ಟು ಅವನ ಕಡೆ ಓಡಿದರು. ಬೀಸಣಿಗೆ ತರುವವರು, ಈರುಳ್ಳಿ ಜಜ್ಜುವವರು, ಕಾಲು ಉಜ್ಜುವವರು. ಕೊಲ್ಲಬೇಕೆಂದು ಯಾರೂ ಬಿಡಲಿಲ್ಲ. ಧಣಿಯ ಮಗ ಬದುಕಿದ, ಕೆಲಸ ಮುಗಿಯಿತು ಎಂದು ಅವರ ಕೈಗಳಿಗೆ ಅನ್ನಿಸಿತು, ಅಷ್ಟೇ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕೊಲ್ಲಬೇಕೆಂದು ಬಿಟ್ಟಿದ್ದರೆ ಬೈಯುವುದಕ್ಕಾದರೂ ಸುಲಭವಾಗುತ್ತಿತ್ತು.

ದ್ಯಾವಯ್ಯನನ್ನು ಕಟ್ಟಿದ್ದ ಹಗ್ಗದ ಮೇಲಿನ ತುದಿ ಮಾತ್ರ ಹೊನ್ನಕ್ಕನ ಸೊಂಟದಲ್ಲಿತ್ತು. ಒರಳುಕಲ್ಲಿಗೆ ಕಾಲು ಕೊಟ್ಟು ಎಳೆದಳು, ಬರಲಿಲ್ಲ. ಕೂಗಿದಳು, ಯಾರೂ ತಿರುಗಲಿಲ್ಲ. ಹಗ್ಗವನ್ನು ಒರಳಿಗೆ ಸುತ್ತಿ, ಸುಣ್ಣದ ಕೊಡ ಎತ್ತಿಕೊಂಡು ಗುಂಪಿನೊಳಗೆ ನುಗ್ಗಿ, ಮಲಗಿದ್ದ ಚಂದ್ರಶೇಖರಯ್ಯನ ಎದೆಯ ಮೇಲೆ ಕಾಲಿಟ್ಟಳು. ಧಣಿಯ ಮಗನ ಎದೆಯ ಮೇಲೆ ಕೇರಿಯ ಹೆಂಗಸಿನ ಕಾಲು! ಕೊಡವನ್ನು ಅವನ ಉಳಿದ ಕಣ್ಣಿನ ಮೇಲೆ ಬಗ್ಗಿಸಿ ಹಿಡಿದು ಅಂದಳು:

"ಎಳೀರಲಾ ನನ್ ಗಂಡನ್ನ. ಇಲ್ದಿದ್ರೆ ಇವನ ಬಾಯಿಗೂ ಕಣ್ಗೂ ಉಯ್ದುಬುಡ್ತೀನಿ."

ಯಾರೋ ಅವಳ ಬೆನ್ನಿಗೆ ಗುದ್ದಿದರು. ಅವಳು ಅಲುಗಲಿಲ್ಲ. ಎರಡು ಹನಿ ತೊಟ್ಟಿಕ್ಕಿ ಚಂದ್ರಶೇಖರಯ್ಯನ ಕೆನ್ನೆಯ ಮೇಲೆ ಬಿದ್ದವು. ಆಗ ನಂಜಯ್ಯನೇ, "ಎಳೀರೋ, ಎಳೀರೋ" ಎಂದು ಅತ್ತ.

ಇಷ್ಟೆಲ್ಲ ಆಗುವಾಗ ಗುಂಡಿಯೊಳಗೆ ಆದಿರಾಜಯ್ಯನ ಎದೆ ಒಡೆಯುತ್ತಿತ್ತು. ಕಣ್ಣಿನ ಮುಂದೆ ಕೆಂಪು, ಆಮೇಲೆ ಕಪ್ಪು. ಕೆಟ್ಟ ಗಾಳಿ ಭಾರ, ಅದು ಕೆಳಗೆ ನಿಲ್ಲುತ್ತದೆ. ಬಾಯಿಯ ಹತ್ತಿರ ಒಳ್ಳೆಯ ಗಾಳಿ ಇದೆ ಎಂದು ಅವನಿಗೆ ಗೊತ್ತಿತ್ತು. ಒಂದು ಗೇಣು ಮೇಲೆ ಮೂಗು ಎತ್ತಿದರೆ ಸಾಕು. ಎತ್ತಲು ಹೋದರೆ ರಾಗಿ ಕಾಲನ್ನು ಎಳೆದುಕೊಳ್ಳುತ್ತಿತ್ತು. ಅಲ್ಲಿ ಕಾಲೂರಲು ಗಟ್ಟಿಯಾಗಿ ಇದ್ದದ್ದು ಒಂದೇ. ಆದಿರಾಜಯ್ಯ ದ್ಯಾವಯ್ಯನ ಎದೆಯ ಮೇಲೆ ಹತ್ತಿ ನಿಂತ. ಗುಂಡಿಯ ಕೊರಳಿಗೆ ಮುಖ ಒತ್ತಿ ಉಸಿರಾಡಿದ. ಒಂದು, ಎರಡು, ಎಷ್ಟೋ. ಕಾಲ ಕೆಳಗೆ ಪಕ್ಕೆಲುಬು ಬಾಗಿದ್ದು ಗೊತ್ತಾಯಿತು. ಆ ಎದೆ ಒಂದು ಸಲ ಏಳಲು ನೋಡಿದ್ದೂ ಗೊತ್ತಾಯಿತು. ಅವನು ಇಳಿಯಲಿಲ್ಲ.

ಮೇಲೆ ತಲೆಗಳು ಕಂಡವು. ದ್ಯಾವಯ್ಯನನ್ನು ಎಳೆದರು, ಆಮೇಲೆ ಹಗ್ಗ ಇಳಿಬಿಟ್ಟು ಆದಿರಾಜಯ್ಯನನ್ನು ಎಳೆದರು. ದ್ಯಾವಯ್ಯನನ್ನು ಬಿಸಿಲಿನಲ್ಲಿ ಮಲಗಿಸಿ, ಕಲಿತಿದ್ದ ಹಾಗೆಲ್ಲ ಬೆನ್ನು ಒತ್ತಿ, ಕೈ ಎತ್ತಿ ಇಳಿಸಿ, ಅರ್ಧ ಗಂಟೆ ಹೆಣಗಿದ. ಉಸಿರು ಬರಲಿಲ್ಲ. ಲೆವಿ ಜೀಪೂ ಬರಲಿಲ್ಲ. ಅದು ಅವತ್ತು ಕಟ್ಟಾಯದ ಕಡೆಗೆ ಹೋಗಿತ್ತಂತೆ.

ಮನೆಯಲ್ಲಿ ಜ್ವಾಲಾಮಾಲಿನಮ್ಮ ಅವನ ತಲೆಗೆ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದಳು. ಊರಿನ ಜನ ಒಬ್ಬೊಬ್ಬರಾಗಿ ಬಂದು ಹೊಗಳಿ ಹೋದರು. ನಂಜಯ್ಯನ ಮನೆಯಿಂದ ತೆಂಗಿನಕಾಯಿ, ಬೆಲ್ಲ ಬಂತು. ಆದಿರಾಜಯ್ಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಕೊನೆಗೆ ತಾಯಿಗೆ ಹೇಳಿದ. ಅವಳು ಎದ್ದು ಬೀದಿಯ ಬಾಗಿಲು ಹಾಕಿ ಬಂದಳು.

"ಯಾರೂ ನೋಡಿಲ್ಲ ಕಣಪ್ಪ," ಅಂದಳು ಆಮೇಲೆ. "ಒಬ್ಬನ್ನ ಉಳ್ಸಿದೀಯ. ಆಯಮ್ಮಂಗೆ ಯಾಕೆ ಇನ್ನೊಂದು ಸಂಕ್ಟ? ಸುಮ್ಕಿರು."

ತಾಯಿಯ ಮಾತಿನಲ್ಲಿ ಕರುಣೆ ಇರಲಿಲ್ಲ ಅನ್ನಲಾರೆ. ಸುಮ್ಮನಿದ್ದರೆ ಊರಿಗೆ ಅವನು ವೀರ, ಹೊನ್ನಕ್ಕನಿಗೆ ದೇವರಂಥವನು. ಆದರೆ ಕಾಲ ಕೆಳಗೆ ಏಳಲು ನೋಡಿದ ಆ ಎದೆ ಅವನನ್ನು ಕೂರಗೊಡಲಿಲ್ಲ. ಮೂರು ಗಂಟೆಯ ಬಿಸಿಲಿನಲ್ಲಿ ಎದ್ದು ಕೇರಿಗೆ ಹೋದ.

ಗುಡಿಸಿಲ ಮುಂದೆ ಚಟ್ಟ ಕಟ್ಟುತ್ತಿದ್ದರು. ಹೊನ್ನಕ್ಕ ಅಳುತ್ತಿರಲಿಲ್ಲ. ಇವನನ್ನು ಕಂಡು ಎದ್ದು ಸೆರಗು ಸರಿ ಮಾಡಿಕೊಂಡಳು. ಅಂಗೈಗಳು ಸುಣ್ಣಕ್ಕೆ ಬೆಂದು ಬಿರಿದಿದ್ದವು.

"ಬನ್ನಿ ಬುದ್ಧಿ," ಅಂದಳು. "ಒಂದು ಮಾತು ಕೇಳ್ಬೇಕಾಗಿತ್ತು. ನೀವು ಇಳ್ದಾಗ ಇವನ್ಗೆ ಉಸ್ರಿತ್ತಾ?"

"ಇತ್ತು ಒನ್ನಕ್ಕ."

"ಅಗ್ಗ ಬುಟ್ಟಿದ್ಕೆ ಓಯ್ತಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ.

"ಅಗ್ಗ ಬುಟ್ರು. ನಂಗೆ ಉಸ್ರು ನಿಂತೋಯ್ತಿತ್ತು. ನಾನು... ನಾನು ಅವನ ಎದೆ ಮ್ಯಾಲೆ ನಿಂತ್ಕಂಡು ಉಸ್ರು ತಕ್ಕಂಡೆ. ಅವನು ಏಳಕ್ಕೆ ನೋಡ್ದ. ನಾನು ಇಳೀಲಿಲ್ಲ."

ಚಟ್ಟ ಕಟ್ಟುತ್ತಿದ್ದ ಮೂವರೂ ಕೈ ನಿಲ್ಲಿಸಿದರು. ಹೊನ್ನಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಹೊಡೆದಳು. ಮೊದಲು ಕೆನ್ನೆಗೆ, ಆಮೇಲೆ ಎಲ್ಲಿ ಬಿದ್ದರೆ ಅಲ್ಲಿಗೆ. ಬೆಂದ ಅಂಗೈ ಒಡೆದು ಅವಳ ರಕ್ತ ಅವನ ಅಂಗಿಗೆ ಹತ್ತಿತು. ಚಟ್ಟದ ಬಿದಿರು ಕೈಗೆ ಸಿಕ್ಕಿತು, ಅದರಲ್ಲಿ ಬಡಿದಳು. ತಲೆಯ ಗಾಯ ಮತ್ತೆ ಬಾಯಿ ಬಿಟ್ಟಿತು. ಅವನು ಕೈ ಅಡ್ಡ ತರಲಿಲ್ಲ, ಹಿಂದೆ ಸರಿಯಲಿಲ್ಲ, ಕಣ್ಣು ಮುಚ್ಚಲೂ ಇಲ್ಲ. ಬಿಡಿಸಲು ಬಂದವರನ್ನು, "ಬುಡ್ರಪ್ಪ, ವಡೀಲಿ" ಎಂದು ತಡೆದ. ಸಾಕಾಗುವವರೆಗೂ ಹೊಡೆದಳು. ಆಮೇಲೆ ಬಿದಿರು ಕೆಳಗೆ ಹಾಕಿ, ಸೊಂಟಕ್ಕೆ ಕೈ ಕೊಟ್ಟು ನಿಂತು, ಜೋರಾಗಿ ಉಸಿರು ಬಿಡುತ್ತ ಗಂಡನ ಕಡೆ ನೋಡಿದಳು.

ಅವಳ ಅಣ್ಣತಮ್ಮಂದಿರೂ ಕೇರಿಯ ಉಳಿದ ಗಂಡಸರೂ ಕೊಣನೂರಿನ ಕಡೆ ಕೂಲಿಗೆ ಹೋಗಿದ್ದರು, ಸುದ್ದಿ ಮುಟ್ಟಿರಲಿಲ್ಲ. ನಂಜಯ್ಯನ ಹಿತ್ತಿಲಿನಲ್ಲಿ ಹಗ್ಗ ಹಿಡಿದವರಲ್ಲಿ ಒಬ್ಬನೂ ಕೇರಿಯ ಹೆಣ ಹೊರಲು ಬಂದಿರಲಿಲ್ಲ.

"ಒರಕ್ಕೆ ಮೂರೇ ಜನ ಅವ್ರೆ," ಅಂದಳು ಹೊನ್ನಕ್ಕ. "ತಲೆ ಕಡೆ ನೀನು ಇಡ್ಕ."

ಆದಿರಾಜಯ್ಯ ಬಗ್ಗಿ ಹೆಗಲು ಕೊಟ್ಟ. ಸುಡುಗಾಡು ಒಂದು ಮೈಲಿ ದೂರ. ಉಳಿದ ಮೂವರೂ ದಾರಿಯಲ್ಲಿ ಎರಡು ಸಲ ಹೆಗಲು ಬದಲಾಯಿಸಿದರು, ಅವನು ಬದಲಾಯಿಸಲಿಲ್ಲ.